ಗಿಟಾರ್ ಅವರದು, ಆಲ್ಬಂ ಯಾರದು?

‘ಮೆಟಾಲಿಕ್ ಸ್ಫಿಯರ್ಸ್’ ಆಲ್ಬಂ 2010ರ ಅಕ್ಟೋಬರಿನಲ್ಲಿ ಬಂತು. ಅದು ಹೊತ್ತು ಬಂದ ಹೆಸರು ‘ದಿ ಆರ್ಬ್ ಫೀಚರಿಂಗ್ ಡೇವಿಡ್ ಗಿಲ್ಮೋರ್’. ಅಂದರೆ ಮನೆ ಆರ್ಬ್‌ನದು, ಗಿಲ್ಮೋರ್ ಅತಿಥಿ. ಆದರೂ ಪಿಂಕ್ ಫ್ಲಾಯ್ಡ್ ಅಭಿಮಾನಿಗಳಲ್ಲಿ ಅನೇಕರು ಇದನ್ನು ಗಿಲ್ಮೋರ್ ಆಲ್ಬಂ ಎಂದೇ ಕೊಂಡರು, ಹಾಗೆಂದೇ ಅಳೆದರು. ಗಿಟಾರ್ ಚೆನ್ನಾಗಿದೆ, ಅದರ ಹಿಂದೆ ಈ ಯಂತ್ರದ ಸದ್ದು ಯಾಕೆ ಬೇಕಿತ್ತು ಎಂಬುದು ಅವರ ತಕರಾರು.

ಈ ತಕರಾರಿಗೆ ಆಲ್ಬಂ ಹುಟ್ಟಿದ ಬಗೆಯೇ ಉತ್ತರ. ಅಮೆರಿಕದ ಸೇನೆಯ ಕಂಪ್ಯೂಟರುಗಳಿಗೆ ನುಗ್ಗಿದ ಆರೋಪ ಹೊತ್ತಿದ್ದ ಬ್ರಿಟನ್ನಿನ ಗ್ಯಾರಿ ಮೆಕಿನನ್ ಅವರ ಬೆಂಬಲಕ್ಕೆ ಗಿಲ್ಮೋರ್ 2009ರಲ್ಲಿ ಗ್ರಹಾಂ ನ್ಯಾಶ್ ಅವರ ‘ಶಿಕಾಗೋ’ ಹಾಡನ್ನು ಹಾಡಿದ್ದರು. ಆ ಹಾಡಿನ ಬೆನ್ನಿಗೇ ಈ ಕೆಲಸ ಚಿಗುರಿತು. ನಿರ್ಮಾಪಕ ಯೂತ್ ಅವರ ಸ್ಟುಡಿಯೋದಲ್ಲಿ ಗಿಲ್ಮೋರ್ ಮನಸ್ಸಿಗೆ ಬಂದಂತೆ ನುಡಿಸಿದರು. ಆರ್ಬ್‌ನ ಅಲೆಕ್ಸ್ ಪ್ಯಾಟರ್ಸನ್ ಜೊತೆಗೂಡಿದರು. ಕೊನೆಗೆ ನಮ್ಮ ಕೈಗೆ ಸಿಕ್ಕಿದ್ದು ಎರಡು ಉದ್ದನೆಯ ಭಾಗಗಳು, ಒಟ್ಟು ಸುಮಾರು 49 ನಿಮಿಷ.

ನುಡಿಸಿದ್ದಕ್ಕೂ ಕೇಳಿಸುವುದಕ್ಕೂ ನಡುವೆ ಯಾರೋ ಕೂತು ತೀರ್ಮಾನ ಮಾಡಿದ್ದಾರೆ. ಯಾವ ಸ್ವರ ಉಳಿಯಬೇಕು, ಯಾವುದು ಹೋಗಬೇಕು, ಯಾವುದು ಐದು ನಿಮಿಷದ ನಂತರ ಮರಳಬೇಕು, ತಾಳ ಎಲ್ಲಿ ಹುಟ್ಟಬೇಕು, ಎಲ್ಲಿ ಕರಗಬೇಕು. ಇದಕ್ಕೆ ರಚನೆ ಎಂದು ಹೆಸರು. ಗಿಲ್ಮೋರ್ ಇಲ್ಲದಿದ್ದರೆ ಆಲ್ಬಂ ಇಲ್ಲ, ನಿಜ. ಈ ತೀರ್ಮಾನಗಳು ಇಲ್ಲದಿದ್ದರೂ ಇಲ್ಲ. ಉಳಿಯುತ್ತಿದ್ದುದು ಒಬ್ಬ ಒಳ್ಳೆಯ ವಾದಕ ಸುಮ್ಮನೆ ನುಡಿಸಿದ ಟೇಪು ಮಾತ್ರ.

ಅನುಮಾನವಿದ್ದವರು 2023ರ ‘ಮೆಟಾಲಿಕ್ ಸ್ಫಿಯರ್ಸ್ ಇನ್ ಕಲರ್’ ಕೇಳಲಿ. ಯೂತ್ ಹಳೆಯ ಸಾಮಗ್ರಿಯನ್ನೇ ಎತ್ತಿಕೊಂಡು ಮತ್ತೆ ಕಟ್ಟಿದ್ದಾರೆ. ವಾದಕ ಅದೇ ಮನುಷ್ಯ. ಆದರೆ ಆಲ್ಬಮಿನ ನಡಿಗೆ ಬೇರೆ. ನುಡಿಸಿದವರಷ್ಟೇ ಕರ್ತೃವಾಗಿದ್ದರೆ ಇದು ಹೇಗೆ ಸಾಧ್ಯ?

ಈ ತಕರಾರಿನಲ್ಲಿ ಇನ್ನೊಂದು ಪಕ್ಷಪಾತವೂ ಇದೆ. 1992ರಲ್ಲಿ ಆರ್ಬ್ ‘ಬ್ಲೂ ರೂಮ್’ ಎಂಬ ಸುಮಾರು 40 ನಿಮಿಷದ ಸಿಂಗಲ್ ತಂದಾಗ ಅದು ಬ್ರಿಟನ್ನಿನ ಪಟ್ಟಿಯಲ್ಲಿ 8ನೇ ಸ್ಥಾನಕ್ಕೇರಿತು. ಅದರಲ್ಲಿ ಗಿಟಾರ್ ಹಿಡಿದವರು ಗಾಂಗ್ ಬ್ಯಾಂಡಿನ ಹಿರಿಯ ಸ್ಟೀವ್ ಹಿಲೇಜ್. ಅವರೂ ಪ್ರೋಗ್ರೆಸಿವ್ ರಾಕ್‌ನವರೇ. ಆದರೂ ಅದು ಆರ್ಬ್‌ನ ಸಿಂಗಲ್ ಎಂದೇ ಉಳಿಯಿತು. ಹಿಲೇಜ್ ಹೆಸರು ಗಿಲ್ಮೋರ್ ಹೆಸರಿನಷ್ಟು ದೊಡ್ಡದಲ್ಲ, ಅಷ್ಟೇ ವ್ಯತ್ಯಾಸ.

ಆರ್ಬ್‌ನವರ ಪಾಲಿನ ತಪ್ಪನ್ನೂ ಹೇಳಬೇಕು. 1991ರ ತಮ್ಮ ಮೊದಲ ಆಲ್ಬಮಿನ ಮುಖಪುಟಕ್ಕೇ ಅವರು ಬ್ಯಾಟರ್‌ಸೀ ವಿದ್ಯುತ್ ಸ್ಥಾವರವನ್ನು ತಂದಿದ್ದರು. ಪಿಂಕ್ ಫ್ಲಾಯ್ಡ್‌ನ 1977ರ ‘ಅನಿಮಲ್ಸ್’ ಮುಖಪುಟದಲ್ಲಿದ್ದ ಅದೇ ಕಟ್ಟಡ. ಆ ಭಯಭಕ್ತಿ ಇಲ್ಲೂ ಬಿಟ್ಟಿಲ್ಲ. ಗಿಟಾರ್ ಬಂದಾಗಲೆಲ್ಲ ಉಳಿದ ಸದ್ದು ಬದಿಗೆ ಸರಿದು ದಾರಿ ಬಿಡುತ್ತದೆ. ಈ ಆಲ್ಬಂ ಸೋಲುವುದಾದರೆ ಅಲ್ಲಿ. ಯಂತ್ರ ಹೆಚ್ಚಾಗಿ ಅಲ್ಲ, ಯಂತ್ರದ ಮುಂದೆ ಕೂತವರ ಧೈರ್ಯ ಕಡಿಮೆಯಾಗಿ.

ಯಂತ್ರದಲ್ಲಿ ಮಾಡಿದ್ದು ಎಂದು ಒಂದು ಕೆಲಸವನ್ನು ತಳ್ಳಿಹಾಕುವಾಗ ಯಂತ್ರದ ಮುಂದೆ ರಾತ್ರಿಯೆಲ್ಲ ಕೂತವರ ಹೆಸರೂ ಅದರೊಂದಿಗೇ ಅಳಿಸಿಹೋಗುತ್ತದೆ. ಮುಂದಿನ ಸಲ ಈ ಆಲ್ಬಂ ಹಾಕಿದಾಗ, ಗಿಟಾರ್ ನಿಂತ ಮೇಲೆ ಏನಾಗುತ್ತದೆ ಎಂದು ಸ್ವಲ್ಪ ಕಿವಿಗೊಟ್ಟು ನೋಡಿ.