ಒಳಗಿನದು ಹೊರಗೆ, ಹೊರಗಿನದು ಒಳಗೆ!

ಮಕ್ಕಳೇ, ದೊಡ್ಡ ಯಂತ್ರವೊಂದನ್ನು ಚಿಕ್ಕದು ಮಾಡುವುದು ಹೇಗೆ? ‘ಎಲ್ಲ ಭಾಗಗಳನ್ನೂ ಅದೇ ಆಕಾರದಲ್ಲಿ ಚಿಕ್ಕದಾಗಿ ಮಾಡಿ ಜೋಡಿಸಿದರಾಯಿತು’ ಎಂದು ನೀವು ಹೇಳಬಹುದು. ದೊಡ್ಡವರಲ್ಲೂ ಅನೇಕರು ಹಾಗೆಯೇ ತಿಳಿದಿದ್ದಾರೆ. ಅದು ತಪ್ಪು ಎಂಬುದು ನನ್ನ ಅಭಿಪ್ರಾಯ. ಏಕೆಂದು ನೋಡೋಣವೇ?

ಪೆಟ್ರೋಲ್ ಬೈಕಿನ ಎಂಜಿನ್ನಿನೊಳಗೆ ಪಿಸ್ಟನ್ ಎಂಬ ಕೊಂತವಿದೆ. ಅದು ಮೇಲೆ ಕೆಳಗೆ ಓಡಾಡುತ್ತದೆ. ಪ್ರತಿ ಸಲವೂ ತುದಿಯಲ್ಲಿ ಕ್ಷಣಕಾಲ ನಿಂತು ಹಿಂದಿರುಗಬೇಕು. ಎಂಜಿನ್ ನಡುಗಲು ಇದೂ ಒಂದು ಕಾರಣ. ಕೊಂತವೇ ಇಲ್ಲದೆ, ಸುಮ್ಮನೆ ಸುತ್ತುವ ಎಂಜಿನ್ ಮಾಡಬಾರದೇಕೆ ಎಂದು ಕೇಳಿದವರು ಜರ್ಮನಿಯ ಫೆಲಿಕ್ಸ್ ವ್ಯಾಂಕೆಲ್. ಅವರ ಎಂಜಿನ್ 1957ರಲ್ಲಿ ಮೊದಲ ಬಾರಿ ಓಡಿತು.

ಅದರ ಹೊರಗೂಡು ನಡುವೆ ಸ್ವಲ್ಪ ಒಳಸರಿದ ಕಡಲೆಕಾಯಿಯಂತೆ ಇರುತ್ತದೆ. ಒಳಗೆ ಉಬ್ಬಿದ ಬದಿಗಳ ತ್ರಿಕೋನ ಸುತ್ತುತ್ತದೆ. ಇದೇ ರೋಟರ್. ಇದರ ಮೂರೂ ಮೂಲೆಗಳು ಸದಾ ಗೋಡೆಗೆ ತಾಗಿರುತ್ತವೆ. ಆದ್ದರಿಂದ ಮೂರು ಕೋಣೆಗಳು ಉಂಟಾಗುತ್ತವೆ. ರೋಟರ್ ಸುತ್ತಿದಂತೆ ಕೋಣೆಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಇಂಧನ ಮತ್ತು ಗಾಳಿಯನ್ನು ಒಳಗೆಳೆಯುವುದು, ಒತ್ತುವುದು, ಉರಿಸುವುದು, ಹೊಗೆಯನ್ನು ಹೊರತಳ್ಳುವುದು ಎಂಬ ನಾಲ್ಕು ಕೆಲಸಗಳೂ ಹೀಗೆ ನಡೆಯುತ್ತವೆ.

ಇದನ್ನು ಪುಟ್ಟದಾಗಿಸಿದರೆ? ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು 2000ದ ದಶಕದ ಆರಂಭದಲ್ಲಿ ನಾಣ್ಯದಷ್ಟು ಚಿಕ್ಕ ರೋಟರ್ ಇರುವ ಎಂಜಿನ್ ಮಾಡಿದರು. ಅದು ಓಡಿತು. ಆದರೆ ಎರಡು ತೊಂದರೆಗಳು ಎದುರಾದವು.

ಮೊದಲನೆಯದು ಶಾಖ. 2 ಸೆಂ.ಮೀ. ಬದಿಯ ಘನದ ಮೇಲ್ಮೈ 24 ಚದರ ಸೆಂ.ಮೀ., ಘನಫಲ 8 ಘನ ಸೆಂ.ಮೀ. ಬದಿಯನ್ನು 1 ಸೆಂ.ಮೀ. ಮಾಡಿದರೆ ಮೇಲ್ಮೈ 6, ಘನಫಲ ಕೇವಲ 1. ಅಂದರೆ ಘನಫಲಕ್ಕೆ ಹೋಲಿಸಿದಾಗ ಮೇಲ್ಮೈ ಎರಡರಷ್ಟಾಯಿತು! ಇಡೀ ಮುದ್ದೆಗಿಂತ ಮುರಿದ ತುತ್ತು ಬೇಗ ಆರುವುದು ಇದರಿಂದಲೇ. ಪುಟ್ಟ ಎಂಜಿನ್ನಿನ ಬೆಂಕಿಯ ಶಾಖವನ್ನೂ ಗೋಡೆ ಹೀಗೆಯೇ ಕಸಿದುಕೊಳ್ಳುತ್ತದೆ.

ಎರಡನೆಯದು ಸೋರಿಕೆ. ಕೂದಲಿನಷ್ಟು ಸಂದು ದೊಡ್ಡ ಕೋಣೆಗೆ ಅಲ್ಪ, ಪುಟ್ಟ ಕೋಣೆಗೆ ದೊಡ್ಡ ಬಾಗಿಲು. ಯಂತ್ರ ಕುಗ್ಗಿದಷ್ಟು ಸಂದು ಕುಗ್ಗುವುದಿಲ್ಲ.

ಈಗ ಒಂದು ಸೊಗಸಾದ ಉಪಾಯ ಕೇಳಿ. ಅಮೆರಿಕದ ಲಿಕ್ವಿಡ್‌ಪಿಸ್ಟನ್ ಎಂಬ ಕಂಪನಿ 2014ರಲ್ಲಿ 70 ಸಿ.ಸಿ.ಯ ಒಂದು ಎಂಜಿನ್ ತೋರಿಸಿತು. ತೂಕ ಎರಡು ಕಿಲೋಗ್ರಾಂಗೂ ಕಡಿಮೆ. ಇದರಲ್ಲಿ ಎಲ್ಲವೂ ತಿರುವುಮುರುವು! ಹೊರಗೂಡು ತ್ರಿಕೋನ, ಒಳಗೆ ಸುತ್ತುವುದು ಕಡಲೆಕಾಯಿ. ಬೆಂಕಿ ಉರಿಯುವುದು ಗೂಡಿನ ಮೂರು ಮೂಲೆಗಳಲ್ಲಿ. ಕೋಣೆ ಅಲ್ಲೇ ನಿಂತಿರುವುದರಿಂದ ಅದನ್ನು ಉದ್ದವಾಗಿ ಹರಡದೆ ಅಡಕವಾಗಿ ರೂಪಿಸಬಹುದು. ಶಾಖದ ನಷ್ಟ ಕಡಿಮೆ. ಸೋರಿಕೆ ತಡೆಯುವ ಪಟ್ಟಿಗಳೂ ರೋಟರಿನ ಜೊತೆ ಓಡುವುದಿಲ್ಲ, ಗೂಡಿನಲ್ಲೇ ಇರುತ್ತವೆ. ಅವುಗಳಿಗೆ ಎಣ್ಣೆ ಕೊಡುವುದು ಸುಲಭ. ತೊಂದರೆಗಳು ಪೂರ್ತಿ ಹೋಗಲಿಲ್ಲ, ಆದರೆ ಕಡಿಮೆಯಾದವು.

‘ಬ್ಯಾಟರಿ ಇರುವಾಗ ಇದೆಲ್ಲ ಏಕೆ?’ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. ಎಂಜಿನ್ ಸದ್ದು ಮಾಡುತ್ತದೆ, ಹೊಗೆ ಉಗುಳುತ್ತದೆ. ನಮ್ಮ ಬೀದಿಗಳಿಗೆ ಬ್ಯಾಟರಿಯ ವಾಹನವೇ ಮೇಲು ಎಂದು ನಾನೂ ಒಪ್ಪುತ್ತೇನೆ. ಆದರೆ ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ ಅಷ್ಟೇ ತೂಕದ ಬ್ಯಾಟರಿಗಿಂತ ಹತ್ತಾರು ಪಟ್ಟು ಶಕ್ತಿ ಇದೆ. ಅದರಲ್ಲಿ ಬಹುಪಾಲು ಶಾಖವಾಗಿ ವ್ಯರ್ಥವಾದರೂ, ಬಹಳ ಹೊತ್ತು ಹಾರಬೇಕಾದ ಡ್ರೋನ್‌ನಂಥವುಗಳಿಗೆ ಹಗುರವಾದ ಎಂಜಿನ್ ಉಪಯುಕ್ತ.

ನನಗೆ ಮುಖ್ಯವೆನಿಸುವುದು ಎಂಜಿನ್ನಿಗಿಂತ ಅದರ ಹಿಂದಿನ ಪ್ರಶ್ನೆ. ‘ಒಳಗಿನದನ್ನು ಹೊರಗೆ, ಹೊರಗಿನದನ್ನು ಒಳಗೆ ಇಟ್ಟರೆ ಏನಾಗುತ್ತದೆ?’ ಇಂಥ ಪ್ರಶ್ನೆ ತರಗತಿಯಲ್ಲಿ ಬಂದರೆ ನಾವು ಅದನ್ನು ತಲೆಹರಟೆ ಎಂದು ನಕ್ಕುಬಿಡುತ್ತೇವೆ. ಹಾಗೆ ನಗಬಾರದು. ಚಿಕ್ಕದು ಮಾಡುವುದೆಂದರೆ ಕುಗ್ಗಿಸುವುದಲ್ಲ, ಹೊಸದಾಗಿ ಯೋಚಿಸುವುದು.

ಇಂದೇ ರಟ್ಟಿನಲ್ಲಿ ಉಬ್ಬಿದ ತ್ರಿಕೋನವೊಂದನ್ನು ಕತ್ತರಿಸಿ. ಅದರ ಮೂರೂ ಮೂಲೆಗಳು ಸದಾ ತಾಗುವಂತೆ ಯಾವ ಗೂಡು ಬರೆಯಬಹುದು? ಪ್ರಯತ್ನಿಸಿ. ಮೊದಲ ಸಲ ಸರಿಬಾರದಿದ್ದರೆ ಬೇಸರ ಬೇಡ. ಗೆಳೆಯರಿಗೂ ಗುರುಗಳಿಗೂ ತೋರಿಸಿ, ಮತ್ತೆ ಕತ್ತರಿಸಿ!