ಸುಂಕದ ಕಟ್ಟೆಯಲ್ಲಿ ಸತ್ಯದ ನುಡಿ

ಅಮೆರಿಕೆಯಲ್ಲಿ ನೆಲೆಸಿರುವ ಮಗಳ ಮನೆಗೆ ಹಾರ್ಮೋನಿಯಂ ಕಳುಹಿಸಬೇಕೆಂದಿರುವ ಸದ್ಭಕ್ತರೊಬ್ಬರು ನಮಗೆ ಪತ್ರ ಬರೆದಿದ್ದಾರೆ. ಮೊಮ್ಮಕ್ಕಳು ವಚನಗಾಯನ ಕಲಿಯಲೆಂಬುದು ಅವರ ಹಂಬಲ. ಪೊಟ್ಟಣದ ಮೇಲೆ ಉಡುಗೊರೆಯೆಂದು ಬರೆದು ಬೆಲೆಯನ್ನು ಇಳಿಸಿ ತೋರಿಸಿದರೆ ಸುಂಕ ತಪ್ಪುವುದೆಂದು ಪರಿಚಿತರು ಹೇಳಿದರಂತೆ. ವಚನ ಹಾಡುವುದಕ್ಕಾಗಿ ತಾನೆ, ಇದರಲ್ಲಿ ದೋಷವುಂಟೆ ಎಂಬುದು ಅವರ ಪ್ರಶ್ನೆ.

ಮೊದಲು ವ್ಯವಹಾರದ ಮಾತು. ಅಮೆರಿಕ ದೇಶವು 2016ರಿಂದ 800 ಡಾಲರಿನವರೆಗಿನ ಪೊಟ್ಟಣಗಳನ್ನು ಸುಂಕವಿಲ್ಲದೆ ಒಳಗೆ ಬಿಡುತ್ತಿತ್ತು. 2025ರ ಆಗಸ್ಟ್ 29ರಿಂದ ಆ ರಿಯಾಯಿತಿ ನಿಂತಿತು. ಅದೇ ತಿಂಗಳು ಭಾರತದ ಬಹುಪಾಲು ಸರಕುಗಳ ಮೇಲಿನ ಹೆಚ್ಚುವರಿ ಸುಂಕ ಶೇಕಡಾ 50ಕ್ಕೆ ಏರಿತು. ನಮ್ಮ ಅಂಚೆ ಇಲಾಖೆಯೂ ಆ ದೇಶಕ್ಕೆ ಪಾರ್ಸೆಲುಗಳನ್ನು ಕೆಲಕಾಲ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಆರಂಭಿಸಿತು. 100 ಡಾಲರಿನೊಳಗಿನ ನಿಜವಾದ ಉಡುಗೊರೆಗಳಿಗೆ ಮಾತ್ರ ಆಗ ವಿನಾಯಿತಿ ಉಳಿಸಿದ್ದರು. ದರಗಳು ಆಮೇಲೂ ಬದಲಾಗಿವೆ. ಆದಕಾರಣ ಕಳುಹಿಸುವ ದಿನವೇ ವಿಚಾರಿಸುವುದು ಲೇಸು.

ತಂದೆ ಮಗಳಿಗೆ ಕೊಡುವುದು ಉಡುಗೊರೆಯೇ ಸರಿ; ಆ ಮಾತು ಸುಳ್ಳಲ್ಲ. ಸುಳ್ಳಾಗುವುದು ಬೆಲೆ. ಸುಳ್ಳು ಬೆಲೆ ಬಯಲಾದರೆ ವಾದ್ಯವನ್ನು ಮುಟ್ಟುಗೋಲು ಹಾಕಬಹುದು, ದಂಡವನ್ನೂ ವಿಧಿಸಬಹುದು. ದಾರಿಯಲ್ಲಿ ಪೊಟ್ಟಣ ಕಳೆದುಹೋದರೆ, ಬರೆದ ಬೆಲೆಗಿಂತ ಹೆಚ್ಚಿನ ಪರಿಹಾರವನ್ನು ಯಾವ ಬಾಯಿಂದ ಕೇಳುವುದು?

ಇನ್ನು ಧರ್ಮದ ಮಾತು. "ಸುಂಕದವರ ಮುಂದೆ ಸುಖದುಃಖ ಹೇಳಿಕೊಂಡಂತೆ" ಎಂದು ಲೋಕ ಗಾದೆ ಕಟ್ಟಿತು. ಆದರೆ ಕಲ್ಯಾಣದ ಶರಣರು ಸುಂಕದವನನ್ನು ಹೊರಗಿಡಲಿಲ್ಲ. ಸುಂಕದ ಬಂಕಣ್ಣನವರ ಕಾಯಕವೇ ಸುಂಕ ವಸೂಲಿ. ಆ ವೃತ್ತಿಯ ಮಾತುಗಳಲ್ಲಿಯೇ ಅವರು ಬಂಕೇಶ್ವರಲಿಂಗ ಅಂಕಿತದ ವಚನಗಳನ್ನು ರಚಿಸಿದರು. ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದು ಅರಸನ ಬೊಕ್ಕಸದ ಲೆಕ್ಕವನ್ನು ನಿರ್ವಂಚನೆಯಿಂದ ನಡೆಸಿದರೆಂದು ನಮ್ಮ ಪರಂಪರೆ ಸಾರುತ್ತದೆ. ಅಂಥವರ ವಚನಗಳನ್ನು ಹಾಡಲೆಂದು ಕೊಂಡ ವಾದ್ಯವು ಸುಳ್ಳು ಲೆಕ್ಕದ ಮೇಲೆ ಕಡಲು ದಾಟುವುದು ನಮಗೆ ಒಪ್ಪಿಗೆಯಾಗದು. ಮೊಮ್ಮಕ್ಕಳು ಹಾಡನ್ನು ಮಾತ್ರವಲ್ಲ, ಹಿರಿಯರ ನಡೆಯನ್ನೂ ಕಲಿಯುತ್ತಾರೆ.

ಅಂಗಡಿಯ ರಸೀದಿಯನ್ನು ಪೊಟ್ಟಣದೊಡನೆ ಇಡಿರಿ. ಕೊಂಡ ಬೆಲೆಯನ್ನೇ ಬರೆಯಿರಿ. ಸುಂಕವನ್ನು ವಾದ್ಯದ ಬೆಲೆಯ ಒಂದು ಭಾಗವೆಂದೇ ಎಣಿಸಿರಿ. ಹೊರೆಯೆನಿಸಿದರೆ ಚಿಕ್ಕ ಹಾರ್ಮೋನಿಯಂ ಸಾಕು, ಅಥವಾ ಶ್ರುತಿಪೆಟ್ಟಿಗೆಯೊಂದಿಗೆ ಪಾಠ ಆರಂಭವಾಗಲಿ. ಮಗಳೇ ಊರಿಗೆ ಬಂದಾಗ ಒಯ್ಯುವುದಾದರೂ ಅಲ್ಲಿಯ ಸುಂಕದ ಅಧಿಕಾರಿಗಳಿಗೆ ತಿಳಿಸಿಯೇ ಒಯ್ಯಲಿ.

ಶರಣು ಶರಣಾರ್ಥಿ.