ಬಾಯಿ ಒಣಗಿದವರಿಗೆ ಏನು ಬಡಿಸೋಣ?



ಬಾಯಿ, ಗಂಟಲ ಕ್ಯಾನ್ಸರಿಗೆ ‘ಕರೆಂಟು ಕೊಡಿಸಿಕೊಂಡು’ ಬಂದವರು ಈಗ ಊರಿಗೊಬ್ಬರಾದರೂ ಇದ್ದಾರೆ. ನಮ್ಮ ಆದಿವಾಲದ ಕಡೆಯಿಂದಲೂ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬರುವವರುಂಟು. 1973ರಲ್ಲಿ ಶುರುವಾದ ಆಸ್ಪತ್ರೆ ಅದು. ಗಡ್ಡೆ ಕರಗಿತೆಂದು ಮನೆಯವರು ಉಸಿರು ಬಿಡುವ ಹೊತ್ತಿಗೆ ಊಟದ ತಕರಾರು ಶುರುವಾಗುತ್ತದೆ. ಎರಡು ತುತ್ತಿಗೇ ತಟ್ಟೆ ಸರಿಸುತ್ತಾರೆ. “ಏನು ಮಾಡಿ ಹಾಕಿದರೂ ಸೇರೋಲ್ಲ” ಅಂತ ಅಡಿಗೆಯವಳಿಗೆ ಬೇಸರ. ಕಾಯಿಲೆಯವಳು ಹೆಂಗಸೇ ಆದರೆ, “ವಾಸಿಯಾಯ್ತಲ್ಲ, ಇನ್ನೇನು ನಖರಾ?” ಎಂಬ ಮಾತು ಬೇರೆ. ನಖರಾ ಅಲ್ಲ ಕಣ್ರೀ, ಬಾಯಲ್ಲಿ ಜೊಲ್ಲೇ ಇಲ್ಲ.

ಜೊಲ್ಲು ಎಂದರೆ ಮೂಗು ಮುರಿಯಬೇಡಿ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಮೂರು ಜೊತೆ ದೊಡ್ಡ ಗ್ರಂಥಿಗಳಿವೆ. ಸಣ್ಣವು ನೂರಾರು. ಎಲ್ಲಾ ಸೇರಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುತ್ತವೆ. ತುತ್ತು ನೆನೆಯುವುದು, ರುಚಿ ತಿಳಿಯುವುದು, ಹಲ್ಲು ಹುಳುಕಾಗದೆ ಉಳಿಯುವುದು, ಎಲ್ಲ ಇದರಿಂದಲೇ.

ಚಿಕಿತ್ಸೆ ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ಆರೇಳು ವಾರ ನಡೆಯುತ್ತದೆ. ಗಡ್ಡೆಗೆ ಬಿಟ್ಟ ಕಿರಣ ಪಕ್ಕದ ಗ್ರಂಥಿಗೂ ತಗಲುತ್ತದೆ. ನೀರಿನಂಥ ಜೊಲ್ಲು ಕೊಡುವ ಕಿವಿಯ ಮುಂದಿನ ಗ್ರಂಥಿ ಬಹಳ ಸೂಕ್ಷ್ಮ. ಮೊದಲ ವಾರದಲ್ಲೇ ಸೊರಗತೊಡಗುತ್ತದೆ. ಉಳಿದ ಜೊಲ್ಲು ಅಂಟಂಟು.

ಮತ್ತೆ ಬರುತ್ತದೆಯೇ? ಎಷ್ಟು ಕಿರಣ ಬಿತ್ತು ಎಂಬುದರ ಮೇಲಿದೆ. ಆ ಗ್ರಂಥಿಗೆ ಸರಾಸರಿ 25-26 ಗ್ರೇ (ಕಿರಣದ ಅಳತೆ) ಒಳಗೆ ಬಿದ್ದಿದ್ದರೆ, ಒಂದೆರಡು ವರ್ಷದಲ್ಲಿ ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತದೆ. ಹೆಚ್ಚಾದರೆ ಒಣಗಿಯೇ ಉಳಿಯಬಹುದು. ಗ್ರಂಥಿಯನ್ನು ಆದಷ್ಟು ತಪ್ಪಿಸಿ ಕಿರಣ ಬಿಡುವ ‘ಐ.ಎಂ.ಆರ್.ಟಿ.’ ಎಂಬ ವಿಧಾನವಿದೆ. 2011ರಲ್ಲಿ ಪ್ರಕಟವಾದ ಬ್ರಿಟನ್ನಿನ ಪರೀಕ್ಷೆಯಲ್ಲಿ, ವರ್ಷದ ನಂತರ ಬಾಯಿ ಒಣಗಿ ನರಳುತ್ತಿದ್ದವರು ಹಳೆಯ ವಿಧಾನದಲ್ಲಿ 100ಕ್ಕೆ 74, ಇದರಲ್ಲಿ 38. ಆದ್ದರಿಂದ ಚಿಕಿತ್ಸೆಗೆ ಮುಂಚೆಯೇ, “ಜೊಲ್ಲಿನ ಗ್ರಂಥಿ ಉಳಿಸಲು ಆದೀತೇ?” ಎಂದು ಡಾಕ್ಟರನ್ನು ಕೇಳಿ. ಸಂಕೋಚ ಬೇಡ.

ಇನ್ನು ಮನೆಯಲ್ಲಿ ಮಾಡುವುದು:

* ಒಂದು ಲೀಟರ್ ಕಾದಾರಿದ ನೀರಿಗೆ ಒಂದೊಂದು ಟೀ ಚಮಚ ಉಪ್ಪು, ಅಡಿಗೆ ಸೋಡಾ ಹಾಕಿ. ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಿ ಉಗುಳಲಿ.
* ನೀರಿನ ಲೋಟ ಸದಾ ಪಕ್ಕದಲ್ಲಿರಲಿ, ರಾತ್ರಿಯೂ.
* ರೊಟ್ಟಿ, ಚಟ್ನಿಪುಡಿ, ಖಾರ, ಹುಳಿ ದೂರವಿಡಿ. “ಮುದ್ದೆ ಅಗಿಯಬೇಕಿಲ್ಲವಲ್ಲ” ಅಂತೀರಿ. ಜಾರಬೇಕಲ್ಲ! ಮೆತ್ತಗೆ ಮಾಡಿ, ತುಪ್ಪ ಹಚ್ಚಿ, ಖಾರವಿಲ್ಲದ ಬೇಳೆ ಸಾರಿನಲ್ಲಿ ಚಿಕ್ಕ ತುತ್ತು ಮುಳುಗಿಸಿ ಕೊಡಿ. ನುಂಗುವಾಗ ಕೆಮ್ಮು ಬಂದರೆ ಡಾಕ್ಟರಿಗೆ ತಿಳಿಸಿ.
* ಎಲೆ-ಅಡಿಕೆ, ಹೊಗೆಸೊಪ್ಪು ಬೇಡವೇ ಬೇಡ. ಬಾಯಿ ಒಣಗಿತೆಂದು ಪೆಪ್ಪರಮಿಂಟು ಚೀಪಿದರೆ ಹಲ್ಲು ಹಾಳು.
* ಹಲ್ಲಿನ ಡಾಕ್ಟರಿಗೆ ಚಿಕಿತ್ಸೆಗೆ ಮುಂಚೆಯೇ ತೋರಿಸಿ. ಆಮೇಲೆ ಹಲ್ಲು ಕೀಳಿಸಿದರೆ ದವಡೆಯ ಗಾಯ ಮಾಯದೆ ಉಳಿಯಬಹುದು. ಎಷ್ಟು ವರ್ಷವಾಗಿದ್ದರೂ ಕರೆಂಟು ಕೊಡಿಸಿದ್ದನ್ನು ಮೊದಲು ಹೇಳಿ.

ರಾಗಿ ಗಂಜಿ: ಎರಡು ದೊಡ್ಡ ಚಮಚ ರಾಗಿಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುವ ಒಂದೂವರೆ ಲೋಟ ನೀರಿಗೆ ಹಾಕಿ, ಐದಾರು ನಿಮಿಷ ತಿರುವಿ. ಅರ್ಧ ಲೋಟ ಕಾಯಿಸಿದ ಹಾಲು, ಚಮಚ ತುಪ್ಪ, ಚಿಟಿಕೆ ಉಪ್ಪು ಸೇರಿಸಿ, ಆರಿಸಿ ಕೊಡಿ.

ಕೊನೆಯ ಮಾತು. ಇಂಥವರ ಊಟಕ್ಕೆ ಮುಕ್ಕಾಲು ಗಂಟೆಯೂ ಹಿಡಿಯಬಹುದು. ಕಾಯಿಲೆಯವಳು ನೀವೇ ಆದರೆ, ಎಲ್ಲರದ್ದೂ ಮುಗಿದ ಮೇಲೆ ತಳದಲ್ಲಿ ಉಳಿದದ್ದನ್ನು ಕೆರೆದು ಉಣ್ಣುವುದು ಬೇಡ. ಮೆತ್ತಗಿರುವಾಗಲೇ, ಎಲ್ಲರಿಗಿಂತ ಮೊದಲು ಬಡಿಸಿಕೊಳ್ಳಿ.